37ನೇ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತ ಗ್ರೇಸ್ ಹಾಪರ್

ಕ್ಯಾಂಪಸ್ ಸಂದರ್ಶನಗಳು ಶುರುವಾದರೆ ಕಾಲೇಜು ಕ್ಯಾಂಟೀನಿನಲ್ಲಿ ಈಗ ಒಂದೇ ಮಾತು. ಕೋಡ್ ಬರೆಯುವ ಕೆಲಸವನ್ನು ಕೃತಕ ಬುದ್ಧಿಮತ್ತೆಯೇ ಮಾಡಿಬಿಟ್ಟರೆ ನಮ್ಮನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ? ಎಂಜಿನಿಯರಿಂಗ್, ಬಿಸಿಎ ಓದುವವರಿಗಷ್ಟೇ ಅಲ್ಲ, ಬಿ.ಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ತಯಾರಾಗುತ್ತಿರುವವರಿಗೂ ಇದೇ ಚಿಂತೆ.

ಈ ಕೃತಕ ಬುದ್ಧಿಮತ್ತೆಗೆ ತರಬೇತಿ ಕೊಡಲು ಬಳಸುವ ಚಿಪ್‌ಗಳಲ್ಲಿ ಎನ್‌ವಿಡಿಯಾ ಕಂಪನಿಯ ಎಚ್100 ಬಹಳ ಹೆಸರು ಮಾಡಿದೆ. 2022ರಲ್ಲಿ ಪ್ರಕಟವಾದ ಆ ಚಿಪ್‌ನ ವಿನ್ಯಾಸಕ್ಕೆ ಕಂಪನಿ ಇಟ್ಟ ಹೆಸರು ಹಾಪರ್. ಅಮೆರಿಕದ ಗಣಿತ ಅಧ್ಯಾಪಕಿ, ನೌಕಾಪಡೆಯ ಅಧಿಕಾರಿ ಗ್ರೇಸ್ ಹಾಪರ್ ಅವರ ನೆನಪಿಗೆ ಇಟ್ಟ ಹೆಸರು ಅದು. ಸುಮಾರು 70 ವರ್ಷಗಳ ಹಿಂದೆ, ಪ್ರೋಗ್ರಾಂ ಬರೆಯುವ ಕೆಲಸದ ದೊಡ್ಡ ಪಾಲನ್ನು ಯಂತ್ರಕ್ಕೇ ಒಪ್ಪಿಸಬೇಕು ಎಂದು ಹೊರಟವರು ಅವರು. ಅಂದಿನ ಪ್ರೋಗ್ರಾಮರ್‌ಗಳಿಗೂ ಇಂದಿನ ನಮ್ಮ ಹಾಗೆಯೇ ದಿಗಿಲಾಗಿತ್ತು. ಹಾಗಾಗಿ ಅವರ ಬದುಕಿನ ಕಥೆಯನ್ನು ಈ ಹೊತ್ತಿನಲ್ಲಿ ಓದಿದರೆ ನಮಗೆ ಕೆಲಸಕ್ಕೆ ಬರುವ ಕೆಲವು ಸಂಗತಿಗಳು ಸಿಗುತ್ತವೆ.

ಗಡಿಯಾರ ಬಿಚ್ಚಿದ ಹುಡುಗಿ

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಮೂವರು ಮಕ್ಕಳಲ್ಲಿ ಅವರೇ ಹಿರಿಯರು. ತಂದೆ ವಿಮೆ ವ್ಯವಹಾರದಲ್ಲಿದ್ದರು. ತಾಯಿಗೆ ಗಣಿತವೆಂದರೆ ಪ್ರೀತಿ. ಏಳು ವರ್ಷದವರಿದ್ದಾಗ ಅಲಾರಾಂ ಗಡಿಯಾರ ಹೇಗೆ ಓಡುತ್ತದೆ ಎಂಬ ಕುತೂಹಲ ಹುಟ್ಟಿ ಮನೆಯಲ್ಲಿದ್ದ ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸಲು ಬರಲಿಲ್ಲ. ಹೇಗಿತ್ತೆಂದು ನೋಡಲು ಇನ್ನೊಂದನ್ನು ಬಿಚ್ಚಿದರು. ಹೀಗೆ ಏಳು ಗಡಿಯಾರ ಬಿಚ್ಚಿದ ಮೇಲೆ ತಾಯಿಗೆ ವಿಷಯ ತಿಳಿಯಿತು. ಅವರು ಬೈದು ಗಡಿಯಾರಗಳನ್ನೆಲ್ಲ ಎತ್ತಿಡಲಿಲ್ಲ. ಇನ್ನು ಮುಂದೆ ಒಂದೇ ಒಂದು ಗಡಿಯಾರದ ಮೇಲೆ ಪ್ರಯೋಗ ಮಾಡಬೇಕು ಎಂದು ಕಟ್ಟು ಮಾಡಿದರು.

ತಂದೆಗೆ ಕಾಯಿಲೆಯಿಂದ ಎರಡೂ ಕಾಲು ಹೋದವು. ಹೆಣ್ಣುಮಕ್ಕಳಿಗೂ ಗಂಡುಮಗನಿಗೆ ಸಿಗುವಷ್ಟೇ ಓದು ಸಿಗಬೇಕು, ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು ಎಂಬುದು ಅವರ ಹಟವಾಗಿತ್ತು. ಆ ಕಾಲದ ಅನುಕೂಲಸ್ಥ ಮನೆಗಳಲ್ಲೂ ಇದು ಸಾಮಾನ್ಯ ವಿಚಾರವಾಗಿರಲಿಲ್ಲ.

16ನೇ ವಯಸ್ಸಿಗೆ ವಾಸರ್ ಕಾಲೇಜಿಗೆ ಅರ್ಜಿ ಹಾಕಿದ ಗ್ರೇಸ್ ಅವರಿಗೆ ಪ್ರವೇಶ ಸಿಗಲಿಲ್ಲ. ಲ್ಯಾಟಿನ್ ಪತ್ರಿಕೆಯಲ್ಲಿ ಅಂಕ ಕಡಿಮೆ ಬಂದಿತ್ತು. ಇನ್ನೊಂದು ವರ್ಷ ಓದಿ ಸೇರಿಕೊಂಡರು. 1928ರಲ್ಲಿ ಗಣಿತ ಮತ್ತು ಭೌತವಿಜ್ಞಾನದಲ್ಲಿ ಪದವಿ, 1930ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ, 1934ರಲ್ಲಿ ಅಲ್ಲಿಂದಲೇ ಗಣಿತದಲ್ಲಿ ಪಿಎಚ್.ಡಿ. ನಡುವೆ 1930ರಲ್ಲಿ ಸಾಹಿತ್ಯದ ಅಧ್ಯಾಪಕ ವಿನ್ಸೆಂಟ್ ಹಾಪರ್ ಅವರೊಂದಿಗೆ ಮದುವೆಯಾಯಿತು. 1931ರಿಂದ ವಾಸರ್ ಕಾಲೇಜಿನಲ್ಲೇ ಪಾಠ ಹೇಳತೊಡಗಿದರು.

ಅವರ ಪಾಠದ ರೀತಿಯೇ ಬೇರೆ. ಸಂಭವನೀಯತೆಯ ತರಗತಿಯಲ್ಲಿ ಒಂದು ಸೂತ್ರ ಹೇಳಿಕೊಟ್ಟು, ಅದರ ಬಗ್ಗೆ ಪ್ರಬಂಧ ಬರೆದುಕೊಂಡು ಬನ್ನಿ ಎನ್ನುತ್ತಿದ್ದರು. ನಾವು ಸೇರಿದ್ದು ಗಣಿತದ ತರಗತಿಗೆ, ಭಾಷೆಯ ತರಗತಿಗಲ್ಲ ಎಂದು ವಿದ್ಯಾರ್ಥಿನಿಯರು ಗೊಣಗುತ್ತಿದ್ದರು. ಕಲಿತದ್ದನ್ನು ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ಹೇಳಲು ಬಾರದಿದ್ದರೆ ಆ ಗಣಿತದಿಂದ ಏನು ಪ್ರಯೋಜನ ಎಂಬುದು ಮೇಡಂ ವಾದ. ಮುಂದೆ ಅವರು ಕಂಪ್ಯೂಟರಿನಲ್ಲಿ ಮಾಡಿದ ಕೆಲಸದ ಬೀಜವನ್ನು ಇಲ್ಲೇ ಕಾಣಬಹುದು.

ಸೇನೆ ಬೇಡವೆಂದರೂ ಬಿಡಲಿಲ್ಲ

1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಅಮೆರಿಕ ಯುದ್ಧಕ್ಕಿಳಿಯಿತು. ಹಾಪರ್ ಆಗ ಸಹ ಪ್ರಾಧ್ಯಾಪಕಿ. ಕೈತುಂಬ ಸಂಬಳ, ಕಾಯಂ ಕೆಲಸ. ಅವರಿಗೆ ನೌಕಾಪಡೆ ಸೇರುವ ಆಸೆ. ವಯಸ್ಸು ಹೆಚ್ಚಾಯಿತು ಎಂದು ನೌಕಾಪಡೆ ಹೇಳಿತು. ತೂಕವೂ ಸಾಲದು; ಇರಬೇಕಾದ್ದಕ್ಕಿಂತ ಸುಮಾರು ಏಳು ಕಿಲೋ ಕಡಿಮೆ. ಗಣಿತ ಕಲಿಸುವವರು ಅಲ್ಲೇ ಇರುವುದು ದೇಶಕ್ಕೆ ಒಳ್ಳೆಯದು ಎಂಬ ಮಾತೂ ಬಂತು. ಅವರು ವಿನಾಯಿತಿಗೆ ಅರ್ಜಿ ಹಾಕಿ, ಕಾಲೇಜಿನಿಂದ ರಜೆ ಪಡೆದು, 1943ರ ಡಿಸೆಂಬರಿನಲ್ಲಿ ನೌಕಾಪಡೆಯ ಮಹಿಳಾ ಮೀಸಲು ಪಡೆಗೆ ಸೇರಿಯೇ ಬಿಟ್ಟರು. ತಮಗಿಂತ ಎಷ್ಟೋ ಚಿಕ್ಕವರ ಜೊತೆ ತರಬೇತಿ ಪಡೆದು ತಂಡಕ್ಕೆ ಮೊದಲಿಗರಾದರು.

1944ರ ಜುಲೈನಲ್ಲಿ ಅವರನ್ನು ಕಳಿಸಿದ್ದು ಹಡಗಿಗಲ್ಲ, ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕಟ್ಟಡಕ್ಕೆ. ಅಲ್ಲಿ ಹೊವಾರ್ಡ್ ಏಕನ್ ಎಂಬ ಅಧಿಕಾರಿಯ ಕೈಕೆಳಗೆ ಮಾರ್ಕ್ 1 ಎಂಬ ಯಂತ್ರವಿತ್ತು. 51 ಅಡಿ ಉದ್ದ, 8 ಅಡಿ ಎತ್ತರ, ಏಳೂವರೆ ಲಕ್ಷದಷ್ಟು ಬಿಡಿಭಾಗ. ಇಂದಿನ ಲೆಕ್ಕದಲ್ಲಿ ಅದರ ವೇಗ ನಗು ತರಿಸುತ್ತದೆ. ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು. ರಂಧ್ರ ಕೊರೆದ ಕಾಗದದ ಪಟ್ಟಿಯ ಮೂಲಕ ಅದಕ್ಕೆ ಒಂದೊಂದೇ ಆದೇಶ ಕೊಡಬೇಕಿತ್ತು.

ನರೆಗೂದಲಿನ ಕಾಲೇಜು ಮೇಡಂ ಒಬ್ಬರು ಬರುತ್ತಾರಂತೆ ಎಂಬ ಸುದ್ದಿ ಮೊದಲೇ ಹರಡಿತ್ತು. ಅವರ ಪಕ್ಕದ ಮೇಜು ತಮಗೆ ಬೇಡವೆಂದು ಅಲ್ಲಿದ್ದ ಕಿರಿಯ ಅಧಿಕಾರಿಗಳು ತಮ್ಮ ತಮ್ಮಲ್ಲೇ ಹಂಚಿಕೆ ಹಾಕಿದ್ದರಂತೆ. ಏಕನ್ ಕೂಡ ಸ್ವಾಗತದ ಮಾತಾಡದೆ ನೇರವಾಗಿ ಯಂತ್ರ ತೋರಿಸಿ, ಒಂದು ಗಣಿತ ಶ್ರೇಢಿಯ ಲೆಕ್ಕವನ್ನು ಮುಂದಿನ ಗುರುವಾರದೊಳಗೆ ಮಾಡಿ ಕೊಡಲು ಹೇಳಿದರು. ಆ ಯಂತ್ರಕ್ಕೆ ಪಠ್ಯಪುಸ್ತಕವಿಲ್ಲ, ಕೋರ್ಸ್ ಇಲ್ಲ. 37 ವರ್ಷದ ಪಿಎಚ್.ಡಿ ಪದವೀಧರೆ ತಮಗಿಂತ ಕಿರಿಯರಾದ ರಿಚರ್ಡ್ ಬ್ಲಾಕ್, ರಾಬರ್ಟ್ ಕ್ಯಾಂಪ್‌ಬೆಲ್ ಅವರ ಬಳಿ ಕೂತು ಕೇಳಿ ಕೇಳಿ ಕಲಿತರು.

ಯುದ್ಧದ ಲೆಕ್ಕಗಳು ಹಗಲು ರಾತ್ರಿ ಬರುತ್ತಿದ್ದವು. ಗಣಿತಜ್ಞ ಜಾನ್ ಫಾನ್ ನಾಯ್ಮನ್ ತಂದಿದ್ದ ಒಂದು ಲೆಕ್ಕ ಅಣುಬಾಂಬಿಗೆ ಸಂಬಂಧಿಸಿದ್ದೆಂದು ಆಮೇಲೆ ತಿಳಿಯಿತು. ಇದರ ನಡುವೆಯೇ ಏಕನ್ ಅವರು ಯಂತ್ರದ ಬಳಕೆಯ ಕೈಪಿಡಿ ಬರೆಯುವ ಹೊಣೆಯನ್ನೂ ಹಾಪರ್ ಮೇಲೆ ಹಾಕಿದರು. 1946ರಲ್ಲಿ ಪ್ರಕಟವಾದ ಆ ಪುಸ್ತಕ 561 ಪುಟದ್ದು. ಒಂದು ಯಂತ್ರವನ್ನು ಬಳಸುವುದು ಹೇಗೆಂದು ಹೊಸಬರಿಗೆ ತಿಳಿಸಿ ಬರೆಯುವವರು ತಂಡದಲ್ಲಿ ಬೇಕೇ ಬೇಕು ಎಂಬುದನ್ನು ಅವರು ಅಷ್ಟು ಹಿಂದೆಯೇ ಮಾಡಿ ತೋರಿಸಿದರು.

ಹಾಪರ್ ಹೆಸರು ಬಂದಾಗಲೆಲ್ಲ ಬಗ್ ಕಥೆ ಬರುತ್ತದೆ. ಹಾರ್ವರ್ಡ್‌ನ ಮಾರ್ಕ್ 2 ಯಂತ್ರದೊಳಗೆ 1947ರ ಸೆಪ್ಟೆಂಬರಿನಲ್ಲಿ ಒಂದು ಪತಂಗ ಸಿಕ್ಕಿತು. ಅದನ್ನು ದಿನಚರಿ ಪುಸ್ತಕಕ್ಕೆ ಟೇಪ್ ಹಾಕಿ ಅಂಟಿಸಿದರು. ಆ ಪುಟ ಇಂದಿಗೂ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಯಂತ್ರದ ದೋಷಕ್ಕೆ ಬಗ್ ಎನ್ನುವುದು ಎಡಿಸನ್ ಕಾಲದಿಂದಲೂ ಇತ್ತು, ಪತಂಗ ಹಿಡಿದವರೂ ಹಾಪರ್ ಅಲ್ಲ. ಕಥೆಯನ್ನು ಊರೂರಿಗೆ ಹೇಳಿ ಪ್ರಸಿದ್ಧಿಗೆ ತಂದವರು ಮಾತ್ರ ಅವರು.

ಕೆಲಸ ಹೋದ ಕಾಲ

ಯುದ್ಧ ಮುಗಿಯಿತು. 1945ರಲ್ಲಿ ಮದುವೆಯೂ ಮುರಿಯಿತು. ನೌಕಾಪಡೆಯ ಕಾಯಂ ಸೇವೆಗೆ ಸೇರಲು ವಯಸ್ಸು ಮೀರಿತ್ತು. ಮೀಸಲು ಪಡೆಯಲ್ಲಷ್ಟೇ ಉಳಿದರು. ವಾಸರ್ ಕಾಲೇಜು ಪೂರ್ಣ ಪ್ರಾಧ್ಯಾಪಕಿಯ ಹುದ್ದೆ ಕೊಡುತ್ತೇನೆಂದು ಕರೆದರೂ ಹೋಗದೆ, ಕಂಪ್ಯೂಟರಿಗಾಗಿ ಹಾರ್ವರ್ಡ್‌ನಲ್ಲಿ ಸಂಶೋಧಕಿಯಾಗಿ ನಿಂತರು. ಅಲ್ಲಿ ಅವರಿಗೆ ಕಾಯಂ ಹುದ್ದೆ ಸಿಗಲಿಲ್ಲ. 1949ರಲ್ಲಿ ಅವಧಿ ಮುಗಿಯಿತು.

ಅದೇ ವರ್ಷ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಎಂಬ ಸಣ್ಣ ಕಂಪನಿಗೆ ಸೇರಿದರು. ಇಂದಿನ ಭಾಷೆಯಲ್ಲಿ ಅದೊಂದು ಸ್ಟಾರ್ಟ್ಅಪ್. ವ್ಯಾಪಾರಕ್ಕೆ ಬಳಸುವ ಯೂನಿವ್ಯಾಕ್ ಕಂಪ್ಯೂಟರನ್ನು ಕಟ್ಟಲು ಹೊರಟಿತ್ತು. ಕೈಯಲ್ಲಿ ದುಡ್ಡಿರಲಿಲ್ಲ. ಬಂಡವಾಳ ಹಾಕಿದ್ದ ಮುಖ್ಯ ವ್ಯಕ್ತಿ ಆ ವರ್ಷವೇ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕಂಪನಿ ಮುಚ್ಚುವ ಹಂತಕ್ಕೆ ಬಂದು, 1950ರಲ್ಲಿ ರೆಮಿಂಗ್ಟನ್ ರ್‍ಯಾಂಡ್ ಕಂಪನಿಯ ಪಾಲಾಯಿತು.

ಈ ವರ್ಷಗಳಲ್ಲಿ ಹಾಪರ್ ಕುಗ್ಗಿಹೋಗಿದ್ದರು. ಕುಡಿತ ಹೆಚ್ಚಾಯಿತು. ಒಮ್ಮೆ ಪೊಲೀಸರು ಹಿಡಿದದ್ದೂ ಉಂಟು. ಸಹೋದ್ಯೋಗಿಯಾಗಿದ್ದ ಎಡ್ಮಂಡ್ ಬರ್ಕ್ಲಿ ಎಂಬ ಗೆಳೆಯರು ಅವರಿಗೆ ನೇರವಾಗಿ ಪತ್ರ ಬರೆದು ಎಚ್ಚರಿಸಿದರು. ಸಾಧಕರ ಕಥೆ ಹೇಳುವಾಗ ಈ ಪುಟವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಕೆಲಸ ಕೈತಪ್ಪಿ ಮನೆಯಲ್ಲಿ ಕೂತವರು ಇದನ್ನು ತಿಳಿದಿರುವುದು ಒಳ್ಳೆಯದು. 43ರ ವಯಸ್ಸಿಗೆ ಸಂಸಾರ, ಕಾಯಂ ಕೆಲಸ, ಆರೋಗ್ಯ ಎಲ್ಲವೂ ಅಲುಗಾಡಿದ್ದ ಮಹಿಳೆ, ತಮ್ಮ ಬದುಕಿನ ದೊಡ್ಡ ಕೆಲಸವನ್ನು ಮಾಡಿದ್ದು ಅದಾದ ಮೇಲೆ.

ಯಂತ್ರವೇ ಪ್ರೋಗ್ರಾಂ ಬರೆಯಲಿ

ಆ ಕಾಲದಲ್ಲಿ ಪ್ರೋಗ್ರಾಂ ಬರೆಯುವುದೆಂದರೆ ಯಂತ್ರಕ್ಕೆ ತಿಳಿಯುವ ಸಂಕೇತಗಳನ್ನೇ ಸಾಲುಸಾಲಾಗಿ ಬರೆಯುವುದು. ಒಂದು ಯಂತ್ರದ ಕೆಲಸಕ್ಕಾಗಿ ಹಾಪರ್ 8ರ ಆಧಾರದ ಎಣಿಕೆಯನ್ನು ಎಷ್ಟು ರೂಢಿ ಮಾಡಿಕೊಂಡಿದ್ದರೆಂದರೆ, ತಿಂಗಳ ಕೊನೆಗೆ ಅವರ ಬ್ಯಾಂಕ್ ಖಾತೆಯ ಲೆಕ್ಕವೇ ತಾಳೆಯಾಗುತ್ತಿರಲಿಲ್ಲ. ಬ್ಯಾಂಕಿಂಗ್ ಬಲ್ಲ ತಮ್ಮ ಕೂತು ನೋಡಿದಾಗ, ಅಕ್ಕ ಚೆಕ್ ಪುಸ್ತಕದಲ್ಲೂ 8ರ ಎಣಿಕೆಯಲ್ಲೇ ಕಳೆಯುತ್ತಿದ್ದುದು ಗೊತ್ತಾಯಿತು.

ಹಾರ್ವರ್ಡ್‌ನಲ್ಲಿ ಅವರು ಇನ್ನೊಂದು ವಿಷಯ ಗಮನಿಸಿದ್ದರು. ಒಂದೇ ಬಗೆಯ ಲೆಕ್ಕ ಮತ್ತೆ ಮತ್ತೆ ಬೇಕಾದಾಗ, ಒಬ್ಬರು ಇನ್ನೊಬ್ಬರ ನೋಟ್‌ಬುಕ್ಕಿನಿಂದ ಆ ತುಣುಕನ್ನು ನಕಲು ಮಾಡಿಕೊಳ್ಳುತ್ತಿದ್ದರು. ನಕಲು ಮಾಡುವಾಗ ತಪ್ಪಾಗುತ್ತಿತ್ತು. ಡೆಲ್ಟಾ ಚಿಹ್ನೆಯನ್ನು 4 ಎಂದು, ಬಿ ಅಕ್ಷರವನ್ನು 13 ಎಂದು ಬರೆದುಕೊಳ್ಳುತ್ತಿದ್ದರು. ಮನುಷ್ಯರು ಬೇಸರಪಡುವ, ತಪ್ಪುವ ಈ ನಕಲಿನ ಕೆಲಸವನ್ನು ಕಂಪ್ಯೂಟರಿಗೇ ಏಕೆ ಕೊಡಬಾರದು?

ಅವರು ಮಾಡಿದ್ದು ಇಷ್ಟು. ಆಗಲೇ ಬರೆದು ಪರೀಕ್ಷಿಸಿದ ತುಣುಕುಗಳನ್ನು ಕಾಂತೀಯ ಟೇಪಿನಲ್ಲಿ ಸೇರಿಸಿಟ್ಟು, ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟರು. ಬಳಸುವವರು ಬೇಕಾದ ಸಂಖ್ಯೆಗಳನ್ನು ಅನುಕ್ರಮವಾಗಿ ಬರೆದರೆ ಸಾಕು; ಯಂತ್ರವೇ ಟೇಪಿನಿಂದ ತುಣುಕುಗಳನ್ನು ಹುಡುಕಿ ತೆಗೆದು, ಜೋಡಿಸಿ, ಪೂರ್ತಿ ಪ್ರೋಗ್ರಾಂ ತಯಾರಿಸುತ್ತದೆ. ಇದಕ್ಕೆ ಎ-0 ಎಂದು ಹೆಸರಿಟ್ಟು, ಕಂಪೈಲರ್ ಎಂದು ಕರೆದರು. 1952ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್‌ನ ಸಮ್ಮೇಳನವೊಂದರಲ್ಲಿ ಇದರ ಬಗ್ಗೆ ಪ್ರಬಂಧ ಮಂಡಿಸಿದರು. ಇಂದಿನ ಕಂಪೈಲರ್‌ಗಳಿಗೆ ಹೋಲಿಸಿದರೆ ಅದು ಬಹಳ ಸರಳ. ಆದರೆ ಪ್ರೋಗ್ರಾಮನ್ನು ಪ್ರೋಗ್ರಾಮೇ ತಯಾರಿಸಬಹುದು ಎಂಬುದು ಅಲ್ಲಿ ಖಚಿತವಾಯಿತು.

ನಂಬಿದವರು ಕಡಿಮೆ. ಕಂಪ್ಯೂಟರ್ ಲೆಕ್ಕ ಮಾಡಬಲ್ಲದೇ ಹೊರತು ಪ್ರೋಗ್ರಾಂ ಬರೆಯಲಾರದು ಎಂದು ಬಹಳ ಮಂದಿ ತಳ್ಳಿಹಾಕಿದರು. ಬಲ್ಲ ಪ್ರೋಗ್ರಾಮರ್‌ಗಳ ವಿರೋಧ ಇನ್ನೊಂದು ಬಗೆಯದು. ಯಂತ್ರದ ಸಂಕೇತಗಳನ್ನು ಅರೆದು ಕುಡಿದವರು ಕೆಲವೇ ಜನ. ಆ ಗುಟ್ಟು ತಿಳಿದಿದ್ದರಿಂದಲೇ ಅವರಿಗೆ ಬೆಲೆ. ಎಲ್ಲರಿಗೂ ಅದು ಸುಲಭವಾದರೆ ತಮ್ಮ ಗತಿಯೇನು ಎಂಬ ಅಳುಕು. ಯಂತ್ರ ಜೋಡಿಸಿದ ಪ್ರೋಗ್ರಾಂ ಕೈಬರಹದ ಪ್ರೋಗ್ರಾಂನಷ್ಟು ಚುರುಕಾಗಿರುವುದಿಲ್ಲ ಎಂಬ ತಕರಾರೂ ಇತ್ತು, ಅದರಲ್ಲಿ ನಿಜವೂ ಇತ್ತು.

ಹಾಪರ್ ಈ ಚರ್ಚೆಯನ್ನು ಗೆದ್ದದ್ದು ವಾದ ಮಾಡಿ ಅಲ್ಲ, ಖರ್ಚಿನ ಲೆಕ್ಕ ತೋರಿಸಿ. ಕಂಪನಿಗಳು ಲಕ್ಷಗಟ್ಟಲೆ ಡಾಲರ್ ಕೊಟ್ಟು ಯಂತ್ರ ಕೊಂಡರೂ, ಪ್ರೋಗ್ರಾಂ ಬರೆಯುವವರು ಸಿಗದೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಯಂತ್ರದ ಒಂದೆರಡು ನಿಮಿಷ ಹೆಚ್ಚು ಹೋದರೂ ಮನುಷ್ಯರ ವಾರಗಳು ಉಳಿಯುತ್ತವೆ ಎಂಬುದನ್ನು ಅವರು ಮ್ಯಾನೇಜರ್‌ಗಳಿಗೆ ಅಂಕಿಅಂಶ ಇಟ್ಟು ತೋರಿಸಿದರು. 1954ರಲ್ಲಿ ಕಂಪನಿ ಅವರನ್ನೇ ಈ ವಿಭಾಗದ ನಿರ್ದೇಶಕಿಯನ್ನಾಗಿ ಮಾಡಿತು. ಮುಂದಿನ ಆವೃತ್ತಿಯಾದ ಎ-2 ಅನ್ನು ಗ್ರಾಹಕರಿಗೆ ಕೊಡುವಾಗ ಅದರ ಒಳಗಿನ ಕೋಡನ್ನೂ ಕೊಟ್ಟು, ತಿದ್ದಿ ಉತ್ತಮಪಡಿಸಿ ತಮಗೂ ಕಳಿಸಿ ಎಂದು ಕೇಳಿಕೊಂಡರು. ಓಪನ್ ಸೋರ್ಸ್ ಎಂಬ ಪದ ಹುಟ್ಟಲು ಇನ್ನೂ ನಾಲ್ಕು ದಶಕಗಳಿದ್ದವು.

ಲೆಕ್ಕಪತ್ರ ವಿಭಾಗದವರ ಭಾಷೆ

ಕಂಪ್ಯೂಟರ್ ಆಗ ಪ್ರಯೋಗಾಲಯ ಬಿಟ್ಟು ಆಫೀಸಿಗೆ ಬರುತ್ತಿತ್ತು. 1951ರಲ್ಲಿ ಅಮೆರಿಕದ ಜನಗಣತಿ ಇಲಾಖೆ ಮೊದಲ ಯೂನಿವ್ಯಾಕ್ ತೆಗೆದುಕೊಂಡಿತು. 1954ರಲ್ಲಿ ಲೂಯಿವಿಲ್ ನಗರದ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ನೌಕರರ ಸಂಬಳದ ಲೆಕ್ಕವನ್ನು ಯೂನಿವ್ಯಾಕ್ ಮಾಡತೊಡಗಿತು. ಸಂಬಳ, ದಾಸ್ತಾನು, ಬಿಲ್ಲು ಇವೇ ಮುಂದಿನ ದೊಡ್ಡ ಕೆಲಸಗಳೆಂದು ಹಾಪರ್ ಕಂಡುಕೊಂಡರು.

ವಿಜ್ಞಾನಿಗಳಿಗೆ ಗಣಿತದ ಚಿಹ್ನೆ ಸಾಕು. ಆದರೆ ಗೋದಾಮಿನ ಲೆಕ್ಕ ಬರೆಯುವವರಿಗೆ ಅವು ಪರಕೀಯ. ಅವರು ದಿನವೂ ಆಡುವ ಪದಗಳಲ್ಲೇ ಕಂಪ್ಯೂಟರಿಗೆ ಆದೇಶ ಕೊಡುವಂತಾಗಬೇಕು ಎಂದು ಹಾಪರ್ ಕಂಪನಿಗೆ ಹೇಳಿದರು. ಕಂಪ್ಯೂಟರಿಗೆ ಇಂಗ್ಲಿಷ್ ತಿಳಿಯುವುದಿಲ್ಲ ಎಂಬ ಉತ್ತರ ಬಂತು.

ಅವರು ಸುಮ್ಮನಾಗದೆ ಒಂದು ಸಣ್ಣ ಮಾದರಿ ಸಿದ್ಧಪಡಿಸಿ ತೋರಿಸಿದರು. ಯಂತ್ರಕ್ಕೆ ಪದವೂ ಒಂದು ಗುರುತು ಮಾತ್ರ, ಯಾವ ಭಾಷೆಯದಾದರೂ ನಡೆಯುತ್ತದೆ ಎಂದು ತಿಳಿಸಲು, ಅದೇ ಪ್ರೋಗ್ರಾಂ ಅನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಬರೆದು ಓಡಿಸಿದರು. ಇದೇ ಎಡವಟ್ಟಾಯಿತು. ಫಿಲಡೆಲ್ಫಿಯಾದಲ್ಲಿ ತಯಾರಾದ ಅಮೆರಿಕದ ಕಂಪ್ಯೂಟರ್ ಫ್ರೆಂಚ್, ಜರ್ಮನ್ ಆಡುವುದೆಂದರೇನು ಎಂದು ಆಡಳಿತದವರು ಗಾಬರಿಯಾದರು. ಇಂಗ್ಲಿಷ್ ಒಂದನ್ನೇ ಬಳಸುತ್ತೇವೆ ಎಂದು ಭರವಸೆ ಕೊಟ್ಟು ಅವರನ್ನು ಸಮಾಧಾನಪಡಿಸಲು ತಿಂಗಳುಗಳೇ ಹಿಡಿದವು. ಕನ್ನಡ ಮಾಧ್ಯಮದಲ್ಲಿ ಓದಿ ಮೊದಲ ಬಾರಿಗೆ ಕೋಡಿಂಗ್ ತರಗತಿಗೆ ಕಾಲಿಟ್ಟವರಿಗೆ ಈ ಪ್ರಸಂಗ ವಿಶೇಷವಾಗಿ ತಟ್ಟಬಹುದು. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇಂಗ್ಲಿಷ್ ಪದಗಳಿರುವುದು ಯಂತ್ರದ ಕಟ್ಟಳೆಯಲ್ಲ, ಮನುಷ್ಯರ ಆಯ್ಕೆ.

ಹೀಗೆ ಹುಟ್ಟಿದ ಭಾಷೆ ಫ್ಲೋ-ಮ್ಯಾಟಿಕ್. 1950ರ ದಶಕ ಮುಗಿಯುವ ಹೊತ್ತಿಗೆ ಅದು ಗ್ರಾಹಕರ ಕೈ ಸೇರಿತ್ತು.

ಕೋಬಾಲ್ ಹುಟ್ಟಿದ್ದು

ಅಷ್ಟರಲ್ಲಿ ಮತ್ತೊಂದು ತೊಡಕು. ಒಂದು ಕಂಪನಿಯ ಯಂತ್ರಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರ ಯಂತ್ರದಲ್ಲಿ ಓಡುತ್ತಿರಲಿಲ್ಲ. ಯಂತ್ರ ಬದಲಿಸಿದರೆ ಎಲ್ಲವನ್ನೂ ಮೊದಲಿಂದ ಬರೆಯಬೇಕು. ಅಮೆರಿಕದ ರಕ್ಷಣಾ ಇಲಾಖೆಯ ಬಳಿ ಆಗ 225 ಕಂಪ್ಯೂಟರ್‌ಗಳಿದ್ದವು, 175ಕ್ಕೆ ಬೇಡಿಕೆ ಸಲ್ಲಿಸಲಾಗಿತ್ತು. ಪ್ರೋಗ್ರಾಂಗಳಿಗೇ 20 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿತ್ತು.

1959ರಲ್ಲಿ ಬರೋಸ್ ಕಂಪನಿಯ ಮೇರಿ ಹಾಸ್ ಎಂಬುವರು, ಎಲ್ಲ ಯಂತ್ರಗಳಿಗೂ ಒಗ್ಗುವ ವ್ಯಾಪಾರಿ ಭಾಷೆ ಬೇಕೆಂಬ ಮಾತೆತ್ತಿದರು. ಹಾಪರ್ ಮತ್ತಿತರರು ಕೈಜೋಡಿಸಿ ರಕ್ಷಣಾ ಇಲಾಖೆಯ ಚಾರ್ಲ್ಸ್ ಫಿಲಿಪ್ಸ್ ಅವರನ್ನು ಒಪ್ಪಿಸಿದರು. ಮೇ 28 ಮತ್ತು 29ರಂದು ಪೆಂಟಗನ್‌ನಲ್ಲಿ ಸಭೆ ಸೇರಿತು. ವ್ಯಾಪಾರದಲ್ಲಿ ಪರಸ್ಪರ ಸೆಣಸುತ್ತಿದ್ದ ಕಂಪನಿಗಳ ಪ್ರತಿನಿಧಿಗಳು ಒಂದೇ ಮೇಜಿನ ಸುತ್ತ ಕೂತರು. ಜೀನ್ ಸ್ಯಾಮೆಟ್, ಬೆಟ್ಟಿ ಹೋಲ್ಬರ್ಟನ್ ಮೊದಲಾದವರಿದ್ದ ಸಮಿತಿ ಕೋಬಾಲ್ ಭಾಷೆಯನ್ನು ರೂಪಿಸಿತು. ಫ್ಲೋ-ಮ್ಯಾಟಿಕ್ ಅದಕ್ಕೆ ಮುಖ್ಯ ತಳಪಾಯ. ಐಬಿಎಂನ ಒಂದು ಭಾಷೆಯಿಂದಲೂ ಕೆಲವು ಅಂಶ ಬಂದವು. ಹಾಪರ್ ಅವರನ್ನು ಕೋಬಾಲ್ ತಾಯಿ ಎಂದು ಕರೆಯುವುದುಂಟು. ಅವರು ಸಲಹೆಗಾರರಾಗಿದ್ದರು, ದಾರಿ ಹಾಕಿಕೊಟ್ಟರು. ಭಾಷೆಯನ್ನು ಬರೆದದ್ದು ಹಲವರ ಕೈ ಎಂಬುದೂ ಅಷ್ಟೇ ನಿಜ.

ಸಮಿತಿಯ ಕೆಲಸ ಕುಂಟುತ್ತಿದ್ದಾಗ ಬೇಸತ್ತ ಹೊವಾರ್ಡ್ ಬ್ರೋಂಬರ್ಗ್ ಎಂಬ ಎಂಜಿನಿಯರ್, ಕೋಬಾಲ್ ಎಂದು ಕೆತ್ತಿಸಿದ ಗೋರಿಕಲ್ಲನ್ನೇ ಖರೀದಿಸಿ ಫಿಲಿಪ್ಸ್ ಅವರಿಗೆ ಕಳಿಸಿಬಿಟ್ಟರು. ಆದರೆ 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಎರಡು ಬೇರೆ ಕಂಪನಿಗಳ ಯಂತ್ರಗಳಲ್ಲಿ ಓಡಿತು. ಕೋಬಾಲ್ ಬಾರದ ಕಂಪ್ಯೂಟರನ್ನು ಕೊಳ್ಳುವುದಿಲ್ಲ ಎಂದು ಸರ್ಕಾರ ನಿಲುವು ತಾಳಿದ ಮೇಲೆ ಎಲ್ಲ ಕಂಪನಿಗಳೂ ದಾರಿಗೆ ಬಂದವು. ಗೋರಿಕಲ್ಲು ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ವಸ್ತುಸಂಗ್ರಹಾಲಯದಲ್ಲಿದೆ, ಕೋಬಾಲ್ ಬ್ಯಾಂಕುಗಳಲ್ಲಿ ಇನ್ನೂ ಓಡುತ್ತಿದೆ.

ನಿವೃತ್ತಿಯ ಮೇಲೆ 19 ವರ್ಷ

1966ರ ಕೊನೆಯಲ್ಲಿ, 60 ತುಂಬಿದಾಗ, ನೌಕಾಪಡೆ ಅವರನ್ನು ನಿವೃತ್ತಿಗೊಳಿಸಿತು. ಒಂದು ವರ್ಷವೂ ಕಳೆಯದೆ ಮತ್ತೆ ಕರೆ ಬಂತು. ಸಂಬಳದ ಪ್ರೋಗ್ರಾಂಗಳೂ ಸೇರಿದಂತೆ ಎಲ್ಲೆಡೆ ಕೋಬಾಲ್‌ನ ತರಹೇವಾರಿ ರೂಪಗಳು ಹುಟ್ಟಿಕೊಂಡು ಗೊಂದಲವಾಗಿತ್ತು. ಅದನ್ನು ಸರಿಪಡಿಸಲು ಆರು ತಿಂಗಳಿಗೆಂದು ಕರೆದರು. ಅವರು 19 ವರ್ಷ ಉಳಿದರು. ಯಾವ ಕಂಪನಿಯ ಕಂಪೈಲರ್ ಆದರೂ ಗೊತ್ತುಪಡಿಸಿದ ಮಾನದಂಡಕ್ಕೆ ಸರಿಹೋಗುತ್ತದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಂಗಳನ್ನು ಅವರ ತಂಡ ಸಿದ್ಧಪಡಿಸಿತು.

ಈ ವರ್ಷಗಳಲ್ಲಿ ಅವರು ದೇಶವಿಡೀ ತಿರುಗಿ ಭಾಷಣ ಮಾಡಿದರು. ಒಂದು ಅಡಿಗೆ ತುಸು ಕಡಿಮೆ ಉದ್ದದ, 11.8 ಇಂಚಿನ ಟೆಲಿಫೋನ್ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚುತ್ತಿದ್ದರು. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಾದ ನ್ಯಾನೊಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಅಷ್ಟು ದೂರ ಹೋಗಬಲ್ಲದು. ಉಪಗ್ರಹದ ಮೂಲಕ ಸಂದೇಶ ತಲುಪಲು ಏಕೆ ತಡವಾಗುತ್ತದೆ ಎಂದು ಸೇನಾಧಿಕಾರಿಗಳಿಗೂ ಇದೇ ತಂತಿ ಹಿಡಿದು ತಿಳಿಸುತ್ತಿದ್ದರು. ಹಿಂದಿನಿಂದ ಹೀಗೇ ನಡೆದುಬಂದಿದೆ ಎಂಬ ಉತ್ತರ ಅವರಿಗೆ ಆಗದು. ಆ ಮಾತಿಗೆ ಉತ್ತರವಾಗಿ ತಮ್ಮ ಕಚೇರಿಯಲ್ಲಿ ಹಿಂದುಮುಂದಾಗಿ ತಿರುಗುವ ಗಡಿಯಾರ ಇಟ್ಟಿದ್ದರು. ಅದೂ ಸಮಯ ತಪ್ಪುತ್ತಿರಲಿಲ್ಲ.

ಆಡಳಿತ ನಡೆಸುವವರಿಗೆ ಅವರು ಹೇಳುತ್ತಿದ್ದ ಕೆಲವು ವಿಚಾರಗಳು ಇಂದಿಗೂ ಹಳತಾಗಿಲ್ಲ. ದಿಮ್ಮಿ ಭಾರವಾಗಿ ಒಂದು ಎತ್ತು ಎಳೆಯದಿದ್ದರೆ ರೈತ ದೊಡ್ಡ ಎತ್ತನ್ನು ಬೆಳೆಸಲು ಹೋಗುವುದಿಲ್ಲ, ಇನ್ನೊಂದು ಎತ್ತು ಕಟ್ಟುತ್ತಾನೆ. ಹಾಗೆಯೇ ಒಂದು ಭಾರಿ ಕಂಪ್ಯೂಟರಿನ ಬದಲು ಹಲವು ಸಣ್ಣ ಕಂಪ್ಯೂಟರ್‌ಗಳನ್ನು ಒಟ್ಟಿಗೆ ದುಡಿಸಬೇಕು ಎಂಬುದು ಒಂದು. ಕಂಪನಿಯ ಆಸ್ತಿಪಟ್ಟಿಯಲ್ಲಿ ಯಂತ್ರದ ಬೆಲೆ ಬರೆಯುವವರು ಮಾಹಿತಿಯ ಬೆಲೆಯನ್ನೂ ಬರೆಯುವ ದಿನ ಬರುತ್ತದೆ, ಯಂತ್ರಕ್ಕಿಂತ ಅದರೊಳಗಿನ ಮಾಹಿತಿಯೇ ಹೆಚ್ಚು ಬೆಲೆಯದು ಎಂಬುದು ಇನ್ನೊಂದು.

1986ರ ಆಗಸ್ಟಿನಲ್ಲಿ ಬೋಸ್ಟನ್ ಬಂದರಿನ ಹಳೆಯ ಯುದ್ಧನೌಕೆಯ ಮೇಲೆ ಅವರ ಕೊನೆಯ ಬೀಳ್ಕೊಡುಗೆ ನಡೆಯಿತು. ಆಗ ಅವರು ರಿಯರ್ ಅಡ್ಮಿರಲ್, ವಯಸ್ಸು 79. ಅಲ್ಲಿಗೂ ಮನೆಯಲ್ಲಿ ಕೂರಲಿಲ್ಲ. ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪನಿಗೆ ಸಲಹೆಗಾರರಾಗಿ ಸೇರಿದರು. 1992ರ ಜನವರಿ 1ರಂದು ತೀರಿಕೊಂಡರು. 1997ರಲ್ಲಿ ನೌಕಾಪಡೆಯ ಸೇವೆಗೆ ಸೇರಿದ ಒಂದು ಯುದ್ಧನೌಕೆಗೆ ಅವರ ಹೆಸರಿದೆ. 2016ರಲ್ಲಿ ಮರಣೋತ್ತರವಾಗಿ ಅಮೆರಿಕ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಸಂದಿತು.

ನಮ್ಮೂರಿಗೂ ನಂಟು

ಹಾಪರ್ ಬೆಂಗಳೂರಿನ ಐಟಿ ಬೆಳವಣಿಗೆಯನ್ನು ನೋಡಲು ಇರಲಿಲ್ಲ. ಆದರೆ ಆ ಬೆಳವಣಿಗೆಯಲ್ಲಿ ಕೋಬಾಲ್‌ನ ಪಾಲಿದೆ. ಹಿಂದೆ ಪಂಚ್ ಕಾರ್ಡಿನಲ್ಲೂ ಮೆಮೊರಿಯಲ್ಲೂ ಜಾಗ ಬಹಳ ದುಬಾರಿಯಾಗಿದ್ದರಿಂದ ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆಯುವ ರೂಢಿ ಬೆಳೆದಿತ್ತು. 2000ನೇ ಇಸವಿ ಹತ್ತಿರವಾದಾಗ, 00 ಎಂದರೆ 1900 ಎಂದು ಯಂತ್ರಗಳು ತಿಳಿದಾವೆಂಬ ಭಯ ಶುರುವಾಯಿತು. ಬ್ಯಾಂಕು, ವಿಮಾ ಕಂಪನಿಗಳಲ್ಲಿದ್ದ ಹಳೆಯ ಕೋಬಾಲ್ ಪ್ರೋಗ್ರಾಂಗಳನ್ನು ಸಾಲುಸಾಲಾಗಿ ಓದಿ ತಿದ್ದಬೇಕಾಯಿತು. ಆ ಕೆಲಸದ ದೊಡ್ಡ ಪಾಲು ಭಾರತಕ್ಕೆ ಬಂತು. ಬೆಂಗಳೂರಿನ ಇನ್ಫೊಸಿಸ್, ವಿಪ್ರೊ ಕಂಪನಿಗಳೂ ಇದನ್ನು ಮಾಡಿದವು. ವಿದೇಶಿ ಗ್ರಾಹಕರ ಪರಿಚಯವಾಗಿ ಮುಂದೆ ಬೇರೆ ಕೆಲಸಗಳಿಗೂ ಬಾಗಿಲು ತೆರೆಯಿತು.

ಇನ್ನೂ ಇತ್ತೀಚಿನದೆಂದರೆ 2020ರ ಏಪ್ರಿಲ್. ಕೋವಿಡ್‌ನಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ಒಮ್ಮೆಲೇ ನುಗ್ಗಿದಾಗ, ನ್ಯೂಜೆರ್ಸಿಯ ರಾಜ್ಯಪಾಲರು ಕೋಬಾಲ್ ಬಲ್ಲವರು ಸಹಾಯಕ್ಕೆ ಬರಬೇಕೆಂದು ಬಹಿರಂಗವಾಗಿ ಮನವಿ ಮಾಡಿದರು. ನಿರುದ್ಯೋಗ ಭತ್ಯೆ ಕೊಡುವ ವ್ಯವಸ್ಥೆ ದಶಕಗಳಷ್ಟು ಹಳೆಯ ಯಂತ್ರಗಳ ಮೇಲೆ ನಿಂತಿತ್ತು. ಹೊಸದನ್ನು ಕೊಳ್ಳಲು ತೋರುವ ಉತ್ಸಾಹವನ್ನು ಹಳೆಯದನ್ನು ಕಾಪಾಡಲು ತೋರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಹಾಗಾದರೆ ನಮ್ಮ ಮೊದಲ ಪ್ರಶ್ನೆಗೆ ಈ ಬದುಕಿನಲ್ಲಿ ಉತ್ತರವಿದೆಯೇ? ಪೂರ್ತಿ ಇಲ್ಲ. ಕಂಪೈಲರ್ ಬಂದ ಮೇಲೆ ಪ್ರೋಗ್ರಾಮರ್‌ಗಳು ಕಡಿಮೆಯಾಗಲಿಲ್ಲ, ಹೆಚ್ಚಾದರು. ಕೆಲಸ ಸುಲಭವಾದ ಕೂಡಲೇ ಮಾಡಬೇಕಾದ ಕೆಲಸಗಳೂ ಬೆಳೆದವು. ಅದೇ ಕಾಲದಲ್ಲಿ ಕಾಗದ, ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ ಜೀವನ ನಡೆಸುತ್ತಿದ್ದವರ ವೃತ್ತಿ ಅಳಿಸಿಹೋಯಿತು. ಎರಡೂ ನಿಜ. ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಯಾವುದು ಎಷ್ಟು ನಡೆಯುತ್ತದೆಂದು ಇಂದೇ ಹೇಳಲಾಗದು.

ಆದರೆ ಹಾಪರ್ ಅವರ ಬದುಕಿನಿಂದ ಕಲಿಯಬಹುದಾದ ರೂಢಿಗಳಿವೆ. ಅವರು ನಂಬಿಕೊಂಡದ್ದು ಒಂದು ಯಂತ್ರದ ಸಂಕೇತಗಳನ್ನಲ್ಲ. ಸಂಬಳದ ಲೆಕ್ಕ ಹೇಗೆ ನಡೆಯುತ್ತದೆ, ಗೋದಾಮಿನಲ್ಲಿ ಏನು ಬರೆದುಕೊಳ್ಳುತ್ತಾರೆ ಎಂದು ಆ ಕೆಲಸ ಮಾಡುವವರನ್ನೇ ಕೇಳಿ ತಿಳಿದರು. ತಿಳಿದದ್ದನ್ನು ಬೇರೆಯವರಿಗೆ ಅರ್ಥವಾಗುವಂತೆ ಬರೆದರು. ತಮಗಿಂತ ಕಿರಿಯರ ಬಳಿ ಕೂತು ಕಲಿಯಲು ಸಂಕೋಚಪಡಲಿಲ್ಲ. ಬಿ.ಕಾಂ ಓದಿದವರು ಕೋಡಿಂಗ್ ನಮ್ಮದಲ್ಲ ಎಂದೋ, ಎಂಜಿನಿಯರಿಂಗ್ ಓದಿದವರು ಲೆಕ್ಕಪತ್ರ ನಮಗೇಕೆ ಎಂದೋ ದೂರ ನಿಲ್ಲದೆ, ಪಕ್ಕದ ವಿಭಾಗದ ಒಂದು ವಿಷಯವನ್ನು ಈ ವರ್ಷ ಕಲಿತರೆ ಅದೇ ಒಳ್ಳೆಯ ಆರಂಭ.

ಕಂಪೈಲರ್, ಕೋಬಾಲ್, ಪದಕ, ಪದವಿ ಇಷ್ಟೆಲ್ಲ ಇದ್ದರೂ ತಾವು ತರಬೇತಿ ಕೊಟ್ಟ ಹುಡುಗ ಹುಡುಗಿಯರನ್ನೇ ಹಾಪರ್ ತಮ್ಮ ದೊಡ್ಡ ಸಾಧನೆ ಎಂದು ಎಣಿಸುತ್ತಿದ್ದರು. ಹೊಸದೊಂದನ್ನು ಮಾಡಿ ನೋಡಲು ಅನುಮತಿ ಕೇಳಿಕೊಂಡು ಬಂದ ಕಿರಿಯರನ್ನು ಅವರು ಬೆನ್ನುತಟ್ಟಿ ಕಳಿಸುತ್ತಿದ್ದರು, ಆಗಾಗ ಕರೆದು ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸುತ್ತಿದ್ದರು. ಏಳು ಗಡಿಯಾರ ಬಿಚ್ಚಿದ ಮಗಳಿಗೆ ಎಂಟನೆಯದನ್ನು ಬಿಚ್ಚಬೇಡ ಎನ್ನದೆ, ಒಂದನ್ನು ಕೈಗೆ ಕೊಟ್ಟ ತಾಯಿಯಿಂದ ಅವರು ಕಲಿತ ಪಾಠ ಅದಿರಬೇಕು.